ಗೇಟಿನ ಮೇಲೆ ಯಜಮಾನ, ಕಟ್ಟೆಯ ಮೇಲೆ ಲೋಟ

ಹತ್ತಿ ಗಿರಣಿಯ ಒಂದು ಊರು ಅಂತಿಟ್ಟುಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಪೀಠದ ಮೇಲೆ ಪ್ರಸಂಗ ಮಾಡುವ ನನ್ನನ್ನು ಬಿಟ್ಟು ಮೂರನೇ ಬೆಂಚಿನ ಕಡೆ ತಿರುಗುತ್ತೀರಿ. ನೋಡಿ, ಹೇಳದೆಯೇ ಇಬ್ಬರು ತಿರುಗಿದರು! ಅವರಲ್ಲ, ಅವರಲ್ಲ. ನನ್ನ ಕಥೆಯ ಶ್ರೀಮಂತ ಬೇರೆ. ಅವನು ಟೈಲ್ಸು, ಗ್ರಾನೈಟು, ವಾಶ್ ಬೇಸಿನ್ನು ಮಾರುವವನು. ಚರ್ಚಿನ ಸಭೆಯ ಹಿರಿಯ. ದೇವಾಲಯದಲ್ಲಿ ಫ್ಯಾನಿನ ಕೆಳಗಿನ ಜಾಗ ಅವನದು, ಯಾಕೆಂದರೆ ಆ ಫ್ಯಾನು ಕೊಟ್ಟವನೂ ಅವನೇ. ಫ್ಯಾನಿನ ಮೂರು ರೆಕ್ಕೆಯ ಮೇಲೂ ಅವನ ಹೆಸರಿತ್ತು. ತಿರುಗುವಾಗ ಓದಲಾಗುವುದಿಲ್ಲ ಎಂದು ಅವನಿಗೆ ಬಹಳ ಬೇಸರ.

ಈ ಮನುಷ್ಯ ಒಂದು ಸಲ, ಆರಿದ ಭಕ್ತಿಗೆ ಮತ್ತೆ ಜೀವ ತುಂಬುವ ಮೂರು ದಿನದ ಉಜ್ಜೀವನ ಕೂಟಕ್ಕೆ ಹೋದ. ಮೊದಲ ದಿನ ನಿದ್ದೆ ಮಾಡಿದ. ಎರಡನೆಯ ದಿನ ಊಟ ಚೆನ್ನಾಗಿದೆ ಅಂದ. ಮೂರನೆಯ ದಿನ ಅತ್ತ. ನಿಜವಾಗಿಯೂ ಅತ್ತ, ಅದನ್ನು ನಾನು ಹಾಸ್ಯ ಮಾಡುವುದಿಲ್ಲ. ಎದ್ದು ನಿಂತು, "ಹಳೇ ಮನಷ್ಯಾ ಸತ್ತಾನ. ಇವತ್ತಿಂದ ನಾ ಹೊಸ ಮನಷ್ಯಾ" ಅಂದ. ಸ್ತೋತ್ರ! ಎಲ್ಲರೂ ಸ್ತೋತ್ರ ಅಂದರು. ಒಳ್ಳೆಯದೇ. ಆದರೆ ಆ ಹೊಸ ಮನುಷ್ಯ ಮನೆಗೆ ಬಂದು ಮೊದಲು ಏನು ಮಾಡಿದ? ಹೆಂಡತಿಯ ಹತ್ತಿರ ಕ್ಷಮೆ ಕೇಳಿದನೇ? ಇಲ್ಲ. ಒಡೆದ ಟೈಲನ್ನು ಪೆಟ್ಟಿಗೆಯ ತಳದಲ್ಲಿ ಅಡಗಿಸಿ ಮಾರುವುದನ್ನು ಬಿಟ್ಟನೇ? ಇಲ್ಲ. ಬೋರ್ಡು ಮಾಡಿಸಿದ!

ಎಂಥ ಬೋರ್ಡು! ಕರಿ ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ. "ಈ ಮನೆಗೆ ಯೇಸುವೇ ಯಜಮಾನ. ಇಲ್ಲಿ ಆತನ ಮಾತೇ ನಡೆಯುತ್ತದೆ." ಗೇಟಿನ ಕಂಬಕ್ಕೆ, ಬೀದಿಯ ಕಡೆ ಮುಖ ಮಾಡಿ ಕೂರಿಸಿದ. ಬೀದಿಯ ಕಡೆ. ಇದನ್ನು ನೆನಪಿಡಿ. ಸಭಾಪಾಲಕರು ಬಂದು ಪ್ರಾರ್ಥಿಸಿ ರಿಬ್ಬನ್ ಕತ್ತರಿಸಿದರು. ಖಾರಾ ಬೂಂದಿ, ಚಹಾ, ಒಂದು ಗ್ರೂಪ್ ಫೋಟೋ. ಮುಗಿಯಿತು. ಶ್ರೀಮಂತ ಕೈ ಒರೆಸಿಕೊಂಡು ಒಳಗೆ ಹೋದ. ಯಜಮಾನ ಹೊರಗೆ ಉಳಿದ.

ಆ ಮನೆಯಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸಲು ಒಬ್ಬ ಹೆಂಗಸು ಬರುತ್ತಿದ್ದಳು. ಶ್ರೀಮಂತನ ಹೆಸರು ಹೇಳಲಿಲ್ಲ, ಇವಳ ಹೆಸರು ಹೇಳುತ್ತೇನೆ. ಫಕೀರವ್ವ. ಯಾಕೆ ಹೇಳುತ್ತೇನೆ? ಹನ್ನೊಂದು ವರ್ಷದಲ್ಲಿ ಆ ಮನೆಯವರು ಯಾರೂ ಅದನ್ನು ಹೇಳಿರಲಿಲ್ಲ. "ಏಯ್" ಅನ್ನುತ್ತಿದ್ದರು. ಏಯ್, ಬಕೆಟ್. ಏಯ್, ಗೇಟು. ಅವಳದೊಂದು ಸ್ಟೀಲ್ ಲೋಟವಿತ್ತು, ಹೊಟ್ಟೆಯ ಹತ್ತಿರ ನೆಗ್ಗಿದ್ದು. ಅದು ಇರುತ್ತಿದ್ದದ್ದು ಅಡುಗೆಮನೆಯಲ್ಲಲ್ಲ. ಗೇಟಿನ ಕಂಬದ ಬುಡದ ಕಟ್ಟೆಯ ಮೇಲೆ, ಸರಿಯಾಗಿ ಆ ಬೋರ್ಡಿನ ಕೆಳಗೆ. ಅಮ್ಮಾವರು ಬಂದು ಒಂದು ಮೊಳ ಎತ್ತರದಿಂದ ಚಹಾ ಸುರಿಯುತ್ತಿದ್ದರು. ಪಾತ್ರೆಗೆ ಲೋಟ ತಾಕಬಾರದಲ್ಲ! ಕ್ರೈಸ್ತರ ಮನೆಯಲ್ಲೂ ಹೀಗಾ ಎಂದು ಹುಬ್ಬೇರಿಸಬೇಡಿ. ನಿಮ್ಮ ಮನೆಗಳ ಕಟ್ಟೆಯನ್ನು ನಾನು ನೋಡಿದ್ದೇನೆ.

ಒಂದು ದಿನ ಕರೆಂಟಿನ ಮೀಟರು ನೋಡುವವನು ಬಂದ.

"ಯಜಮಾನ್ರು ಅದಾರೇನು ಯವ್ವಾ?"

"ಅಂಗಡಿಗಿ ಹೋಗ್ಯಾರ್ರೀ."

ಅವನು ಬೋರ್ಡು ಓದಿ ನಕ್ಕ. "ಇಲ್ಲಿ ಬ್ಯಾರೇನ ಬರದೈತಲ್ಲ? ಈ ಮನಿ ಯಜಮಾನ್ರು ಯೇಸು ಅಂತ. ಇಲ್ಲಿ ಅವರದ ಮಾತು ನಡೀತೈತಂತ."

ಫಕೀರವ್ವನಿಗೆ ಓದಲು ಬಾರದು. ಎರಡು ವರ್ಷ ಅದು ಶ್ರೀಮಂತನ ಹೆಸರೆಂದುಕೊಂಡು ದಿನಾ ಒರೆಸಿದ್ದಳು. "ಅಂದ್ರ ಇದು ಸಾವಕಾರ್ರ ಹೆಸರಲ್ಲೇನ್ರೀ?"

"ಅಲ್ಲಬೇ. ಸಾವಕಾರ ಬರೇ ಬಾಡಿಗಿಗೆ ಇರಬೇಕು ನೋಡು."

"ಯೇಸು ಅಂದ್ರ ಯಾರು? ಪಡಸಾಲಿ ಕ್ಯಾಲೆಂಡರಿನಾಗ ಕುರಿಮರಿ ಎತ್ಕೊಂಡು ನಿಂತಾರಲ್ಲ, ಅವರಾ?"

"ಅವರ."

"ಛಲೋ ಮನಷ್ಯಾರ ಕಾಣ್ತಾರ ಬಿಡ್ರಿ" ಅಂದಳು ಫಕೀರವ್ವ. ಸ್ವಲ್ಪ ಯೋಚಿಸಿ ಮುಖ ಅರಳಿಸಿದಳು. "ಹಂಗಾರ ಸಾವಕಾರ್ರೂ ನನ್ನಂಗ ಆಳ ಅನ್ರೀ!"

ನೋಡಿ, ಉಜ್ಜೀವನ ಕೂಟದಲ್ಲಿ ಮೂರು ದಿನ ಕೂತು ಬೋಧಕರು ಹೇಳಲಾಗದ್ದನ್ನು ಅವಳು ಪೊರಕೆ ಹಿಡಿದು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂಲ ಭಾಷೆಯಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡಿ. ಆದರೆ ಫಕೀರವ್ವ ಹೇಳಿದ್ದು ನನಗೆ ಅರ್ಥವಾಗುತ್ತದೆ. ನಿಮಗೂ ಅರ್ಥವಾಗುತ್ತದೆ. ಅರ್ಥವಾಗದವರ ಹಾಗೆ ಕೂತಿದ್ದೀರಿ, ಅಷ್ಟೆ.

ಸರಿ. ಫಕೀರವ್ವನಿಗೆ ಒಬ್ಬಳೇ ಮಗಳು, ಚೊಚ್ಚಲ ಬಸುರಿ, ದಿನ ತುಂಬಿತ್ತು. ಅಳಿಯ ಲಾರಿ ಡ್ರೈವರು; ಆ ವಾರ ಯಾವ ರಾಜ್ಯದಲ್ಲಿದ್ದನೋ. ಆ ಹುಡುಗಿ ಒಬ್ಬಳೇ ತಾಲೂಕಿನ ದೊಡ್ಡಾಸ್ಪತ್ರೆಗೆ ಸೇರಿದ್ದಳು. ಫಕೀರವ್ವ ಶುಕ್ರವಾರ ಬಾಗಿಲಲ್ಲಿ ನಿಂತು ರಜಾ ಕೇಳಿದಳು.

"ನಾಳೆ ಸಭಾ ಹಿರಿಯರ ಊಟ ಐತಿ. ಮೂವತ್ತು ಎಲಿ. ಪಾತ್ರಿ ನಿಮ್ಮಪ್ಪ ತಿಕ್ಕತಾನೇನು?" ಅಂದರು ಅಮ್ಮಾವರು.

ಶ್ರೀಮಂತ ಪೇಪರಿನಿಂದ ತಲೆ ಎತ್ತಲೂ ಇಲ್ಲ. "ಹೋದ್ರ ಹೋಗು. ತಿರಗಿ ಬರಬ್ಯಾಡ."

ಈಗ ಹೇಳಿ. ಅತ್ತ ಮಗಳು, ಇತ್ತ ಹನ್ನೊಂದು ವರ್ಷದ ಅನ್ನ. ಅವಳೇನು ಮಾಡಬೇಕು? ನೀವಾದರೆ ಪ್ರಾರ್ಥನೆ ಗುಂಪಿಗೆ ಮೆಸೇಜ್ ಹಾಕುತ್ತಿದ್ದಿರಿ. ಅವಳ ಹತ್ತಿರ ಫೋನಿರಲಿಲ್ಲ. ಬೋರ್ಡಿತ್ತು.

ಶನಿವಾರ ಮಧ್ಯಾಹ್ನ, ದೊಡ್ಡ ಕೊಳಗಗಳನ್ನೆಲ್ಲ ತಿಕ್ಕಿಟ್ಟು ಅವಳು ಗೇಟಿಗೆ ಬಂದಳು. ಅವಳ ಲೋಟದಲ್ಲಿ ಆಗ ತಾನೇ ಸುರಿದ ಚಹಾ ಇತ್ತು. ಅದನ್ನು ಕುಡಿಯಲಿಲ್ಲ. ಸೆರಗಿನಿಂದ ಲೋಟ ಒರೆಸಿ ಬೋರ್ಡಿನ ಮುಂದಿಟ್ಟಳು.

"ಯಜಮಾನ್ರ, ಚಾ ತಗೋರಿ. ಎರಡ ವರ್ಷ ಆತು, ಈ ಮನ್ಯಾಗ ನಿಮಗ ಯಾರೂ ಒಂದ ಗುಟುಕು ಕೊಟ್ಟಿದ್ದ ನಾ ಕಂಡಿಲ್ಲ. ನನ್ನ ಮಗಳು ದವಾಖಾನ್ಯಾಗ ಒಬ್ಬಾಕೀನ ಅದಾಳ್ರೀ. ಹೋಗಿ ಬರ್ಲೇನು? ಬ್ಯಾಡ ಅಂದ್ರ ಈಗ ಹೇಳಿಬಿಡ್ರಿ, ಬಸ್ ಬರೂ ಹೊತ್ತಾತು."

ಕೈಮುಗಿದು ಕಾದಳು. ಒಂದು ಟ್ರ್ಯಾಕ್ಟರ್ ಹೋಯಿತು. ಒಂದು ಕಾಗೆ ಕೂಗಿತು. ಯಜಮಾನ ಬೇಡ ಅನ್ನಲಿಲ್ಲ.

ಅವಳು ಬಾಗಿಲಿಗೆ ಬಂದು ಕೂಗಿ ಹೇಳಿದಳು. "ಬರ್ತೇನ್ರೀ. ಯಜಮಾನ್ರು ಹೂಂ ಅಂದ್ರು."

ಶ್ರೀಮಂತ ಹೊಸ ಶರ್ಟಿನ ಗುಂಡಿ ಹಾಕುತ್ತ ಹೊರಗೆ ಬಂದ. "ನಾ ಎಲ್ಲಿ ಹೂಂ ಅಂದೆ?"

"ನಿಮ್ಮನ್ನ ಯಾರ ಕೇಳ್ಯಾರ್ರೀ? ಗೇಟಿನ್ಯಾಗಿನ ಯಜಮಾನ್ರನ್ನ ಕೇಳೀನಿ."

"ಏನು, ಅವರು ಮಾತಾಡಿದ್ರೇನು ನಿನ್ನ ಕೂಡ?"

"ಬ್ಯಾಡ ಅನ್ಲಿಲ್ರೀ. ನಾ ಕೇಳೂದಕ್ಕಿಂತ ಮೊದಲ ನೀವು ಬ್ಯಾಡ ಅಂತೀರಿ. ಅದಕ್ಕ ಗೊತ್ತಾತು, ನೀವು ಬ್ಯಾರೆ, ಅವರು ಬ್ಯಾರೆ."

ಶ್ರೀಮಂತನ ಕಿವಿ ಕೆಂಪಾಯಿತು. ಅವಳು ಚೀಲ ಎತ್ತಿಕೊಂಡು ನಡೆದಳು; ಇವನು ಬರಿಗಾಲಲ್ಲಿ ಹಿಂದೆ ಓಡಿದ. ಗೇಟಿನ ಹತ್ತಿರ ಬಂದು, ಬೀದಿಗೆಲ್ಲ ಕೇಳುವಂತೆ ಕಿರುಚಿದ. "ಏಯ್! ಈ ಮನಿ ಯಜಮಾನ ನಾನು! ಇಲ್ಲಿ ನನ್ನ ಮಾತ ನಡೀತೈತಿ!"

ಗೇಟು ತೆರೆದೇ ಇತ್ತು. ಗೇಟಿನಲ್ಲಿ ಯಾರು ನಿಂತಿದ್ದರು? ಸಭಾಪಾಲಕರು. ಅವರ ಹಿಂದೆ ಹಿರಿಯರು, ಹಿರಿಯರ ಹಿಂದೆ ಅವರ ಹೆಂಡಂದಿರು, ಎಲ್ಲರೂ ಊಟಕ್ಕೆ ಬಂದವರು. ಒಬ್ಬ ಹಿರಿಯರು ಬೋರ್ಡನ್ನು ನೋಡಿದರು, ಶ್ರೀಮಂತನನ್ನು ನೋಡಿದರು, ಮತ್ತೆ ಬೋರ್ಡನ್ನು ನೋಡಿದರು, ಕೆತ್ತಿದವನು ಎಲ್ಲೋ ತಪ್ಪು ಮಾಡಿದ್ದಾನೆ ಎಂಬಂತೆ. ಸಭಾಪಾಲಕರಿಗೆ ಏನು ಹೇಳಬೇಕೋ ತೋಚಲಿಲ್ಲ. ಬೋಧಕರಾದ ನಮಗೆ ತೋಚದಿದ್ದಾಗ ನಾವು ಸುಮ್ಮನೆ ಏನಾದರೂ ಕೇಳುತ್ತೇವೆ. ಅವರೂ ಕೇಳಿದರು. "ಈ ಲೋಟ ಯಾರದವ್ವಾ?"

"ನಂದ್ರೀ ಅಯ್ಯನವರ. ಇವತ್ತ ಯಜಮಾನ್ರಿಗೆ ಕೊಟ್ಟೀನಿ. ಅವರನ್ನೂ ಹೊರಗ ನಿಲ್ಲಿಸ್ಯಾರ, ನನ್ನನ್ನೂ ಹೊರಗ ನಿಲ್ಲಿಸ್ಯಾರ. ಇಬ್ಬರಿಗೂ ಒಂದ ಲೋಟ ಸಾಕಲ್ರೀ?"

ಅಷ್ಟು ಹೇಳಿ, "ಬಸ್ ಬಂತು" ಎಂದು ಓಡಿದಳು.

ಆ ದಿನದ ಊಟ! ಮೂವತ್ತು ಜನ. ಹಪ್ಪಳ ಮುರಿದರೆ ಗುಡುಗಿದಂತೆ ಕೇಳಿಸುತ್ತಿತ್ತು. ಊಟಕ್ಕೆ ಮೊದಲು ಸಭಾಪಾಲಕರು ಶ್ರೀಮಂತನಿಗೇ ಪ್ರಾರ್ಥನೆ ಮಾಡಲು ಹೇಳಿದ್ದರು. ಅವನು ಕಣ್ಣು ಮುಚ್ಚಿ, "ಕರ್ತನೇ, ಈ ಮನೆಯ ಯಜಮಾನನೇ" ಅಂದ. ಪ್ರಾರ್ಥನೆ ಅಲ್ಲೇ ನಿಂತಿತು. ಸಾರು ಆರಿತು. ಯಾರೋ ಕೆಮ್ಮಿದರು. ಕೊನೆಗೆ ಅವನು "ಆಮೆನ್" ಕೂಡ ಅನ್ನದೆ ಕೂತುಬಿಟ್ಟ. ಕೂಟದಲ್ಲಿ ಅಳುವಾಗ ಕೀಬೋರ್ಡು ನುಡಿಸುವವನಿದ್ದ. ಇಲ್ಲಿ ಯಾರೂ ನುಡಿಸಲಿಲ್ಲ. ಆಗ ಅವನಿಗೆ ತಿಳಿಯಿತು: ಹಳೇ ಮನುಷ್ಯ ಆ ಕೂಟದಲ್ಲಿ ಸತ್ತಿರಲಿಲ್ಲ, ಬರೀ ಮೂರ್ಛೆ ಹೋಗಿದ್ದ!

ಒಂಬತ್ತನೆಯ ದಿನ ಬೆಳಗ್ಗೆ ಫಕೀರವ್ವ ಬಂದಳು. ಕೆಲಸ ಇದೆಯೋ ಇಲ್ಲವೋ, ಕೇಳಿಯಾದರೂ ಹೋಗೋಣ ಎಂದು ಬಂದಳು. ಗೇಟಿಗೆ ಬಂದು ನೋಡುತ್ತಾಳೆ, ಕಟ್ಟೆಯ ಮೇಲೆ ಲೋಟವಿಲ್ಲ. ಕಂಬದಲ್ಲಿ ಬೋರ್ಡೂ ಇಲ್ಲ! ಸಿಮೆಂಟು ಕಿತ್ತು ಬಂದ ಗುರುತು ಮಾತ್ರ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಶಿವನ! ನನ್ನ ಸಲುವಾಗಿ ಯಜಮಾನ್ರನ್ನೂ ಕೆಲಸದಿಂದ ಬಿಡಿಸಿಬಿಟ್ರಲ್ಲ!"

ತಿರುಗಿ ಹೊರಟಿದ್ದಳು. ಅಷ್ಟರಲ್ಲಿ ಒಳಗಿನಿಂದ ಶ್ರೀಮಂತನ ದನಿ ಬಂತು. "ಏಯ್..." ದನಿ ನಿಂತಿತು. ಗಂಟಲು ಸರಿಮಾಡಿಕೊಂಡ ಸದ್ದು. "ಫಕೀರವ್ವಾ! ಒಳಗ ಬಾ. ಚಾ ಆರತೈತಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ. ತನ್ನ ಹೆಸರಿನ ಬೇರೆ ಯಾರೋ ಬಂದಿದ್ದಾರೇನೋ ಎಂದು ಅವಳು ಹಿಂದೆ ತಿರುಗಿ ನೋಡಿದಳು, ಪಾಪ.

ಅಡುಗೆಮನೆಗೆ ಹೋದಳು. ಒಲೆಯ ಮೇಲಿನ ಗೋಡೆಗೆ ಕರಿ ಗ್ರಾನೈಟು. ಕೀಳುವಾಗ ಗೌಂಡಿಯ ಕೈಯಲ್ಲಿ ಒಂದು ಮೂಲೆ ಮುರಿದಿತ್ತು. ಬಂಗಾರದ ಅಕ್ಷರಗಳಿಗೆ ಆಗಲೇ ಒಗ್ಗರಣೆಯ ಎಣ್ಣೆ ಸಿಡಿದಿತ್ತು. ಅಮ್ಮಾವರು ಒಂದು ಲೋಟ ಚಹಾ ಕೈಗೆ ಕೊಟ್ಟರು. ಸುರಿಯಲಿಲ್ಲ, ಕೈಗೆ ಕೊಟ್ಟರು. ಮನೆಯವರೇ ಕುಡಿಯುವ, ಹೂವಿನ ಕೆತ್ತನೆಯ ಲೋಟ.

"ನನ್ನ ಲೋಟ ಎಲ್ಲೈತ್ರೀ?" ಅಂದಳು. ಸುತ್ತಲೂ ನೋಡಿದಳು. ಹೊಟ್ಟೆ ನೆಗ್ಗಿದ ಆ ಲೋಟ ಶ್ರೀಮಂತನ ಕೈಯಲ್ಲಿತ್ತು. ಅವನು ಅದರಲ್ಲಿ ಚಹಾ ಕುಡಿಯುತ್ತಿದ್ದ.

"ಅದು ನಂದ್ರೀ!"

"ಗೊತ್ತೈತಿ. ಕೂಸು ಏನಾತು?"

"ಹೆಣ್ರೀ. ತಾಯಿ ಮಗಳು ಇಬ್ಬರೂ ಆರಾಮ ಅದಾರ."

"ಕೂತ್ಕೊಂಡು ಕುಡಿ" ಅಂದ ಶ್ರೀಮಂತ. ಅಷ್ಟೇ ಅಂದ. ಅವನು ಈಗಲೂ ಆಗಾಗ ಬಾಯಿ ತಪ್ಪಿ "ಏಯ್" ಅನ್ನುತ್ತಾನಂತೆ. ಅಂದಾಗೆಲ್ಲ ಫಕೀರವ್ವ ಮಾತಾಡದೆ ಬೆರಳೆತ್ತಿ ಗೋಡೆ ತೋರಿಸುತ್ತಾಳಂತೆ.

ನಗುತ್ತೀರಾ? ನಗಿ. ಈಗ ಸ್ವಲ್ಪ ನಿಮ್ಮ ಮನೆಗೆ ಹೋಗೋಣ.

ನಿಮ್ಮ ಬೈಕಿನ ಮೇಲೆ ಬೈಬಲಿನ ವಾಕ್ಯ, ಮೊಬೈಲಿನ ಮೇಲೆ ವಾಕ್ಯ, ಬೆಳಗ್ಗೆ ಐದಕ್ಕೆ ನೂರು ಜನರಿಗೆ ಕಳಿಸುವ ವಾಕ್ಯ. ಎಲ್ಲ ಬೀದಿಯ ಕಡೆ ಮುಖ! ಒಳಗಿನ ಕಡೆ ಮುಖ ಮಾಡಿದ್ದು ಒಂದಾದರೂ ಇದೆಯೇ? ಸಾಕ್ಷಿ ಹೇಳುತ್ತೀರಿ, ನಾನು ಹೊಸಬನಾದೆ, ಹೊಸಬನಾದೆ. ಯಾರಿಗೆ ಹೊಸಬ? ನಮಗೆ ಬೇಡ ಆ ಸಾಕ್ಷಿ. ನಿಮ್ಮ ಮನೆಯ ನೆಲ ಒರೆಸುವವಳು ಇಲ್ಲಿ ಬಂದು ಹೇಳಲಿ. ನಿಮ್ಮ ಅಂಗಡಿಯಲ್ಲಿ ಮೂಟೆ ಹೊರುವವನು ಹೇಳಲಿ. ನಿಮ್ಮ ಸೊಸೆ ಹೇಳಲಿ! ಆಗ ನಾನು ಈ ಪೀಠ ಬಿಟ್ಟು ಇಳಿದು ನಿಮ್ಮ ಕಾಲ ಹತ್ತಿರ ಕೂತು ಕೇಳುತ್ತೇನೆ. ಹಳೇ ಸೊಕ್ಕಿನ ಮೇಲೆ ಹೊಸ ಗ್ರಾನೈಟು ಅಂಟಿಸಿದರೆ ಹೊಸ ಮನುಷ್ಯ ಆಗುವುದಿಲ್ಲ ಸ್ವಾಮಿ, ಹೊಸ ಗೋರಿ ಆಗುತ್ತದೆ.

ಆದ್ದರಿಂದ ಇವತ್ತು ಮನೆಗೆ ಹೋದವರೇ ಬೋರ್ಡು ಒರೆಸಬೇಡಿ. ಲೋಟ ಹುಡುಕಿ. ಕಟ್ಟೆಯ ಮೇಲೆ, ಕಿಟಕಿಯ ಸಂದಿಯಲ್ಲಿ, ಬಚ್ಚಲಿನ ಪಕ್ಕದಲ್ಲಿ ಎಲ್ಲೋ ಒಂದು ಕಡೆ ಇದೆ, ಅದು ನಿಮಗೂ ಗೊತ್ತು. ಅದನ್ನು ಒಳಗೆ ತನ್ನಿ, ತೊಳೆದು ಬೇರೆ ಲೋಟಗಳ ನಡುವೆ ಇಡಿ. ನಾಳೆ ಬೆಳಗ್ಗೆ ಅವಳು ಬಂದಾಗ ಹೆಸರು ಹಿಡಿದು ಕರೆಯಿರಿ. ಹೆಸರು ಗೊತ್ತಿಲ್ಲವೇ? ಕೇಳಿ. ನಾಚಿಕೆಯಾಗುತ್ತದೆ. ಆಗಲಿ. ಅವಳು ರಜಾ ಕೇಳಿದರೆ, ಬೇಡ ಅನ್ನುವ ಮೊದಲು ಆ ಮನೆಯ ಯಜಮಾನ ಯಾರೆಂದು ಒಂದು ಸಲ ನೆನೆಯಿರಿ.

ಎರಡು ವರ್ಷ ಆತ ಆ ಗೇಟಿನಲ್ಲಿ ಬಿಸಿಲಲ್ಲಿ ನಿಂತಿದ್ದ. ಒಬ್ಬಳೇ ಒಬ್ಬಳು ಚಹಾ ಕೊಟ್ಟಳು, ಅವಳೂ ಹೊರಗಿನವಳು. ಅವಳನ್ನು ಒಳಗೆ ಕರೆಯದೆ ಆತ ಒಳಗೆ ಬರುವುದಿಲ್ಲ. ಬರಲಾರ.

ಯಾರೂ ಈಗ ಆಮೆನ್ ಅನ್ನಬೇಡಿ. ನನಗೆ ಕೇಳಬೇಕಾಗಿಲ್ಲ. ಅದನ್ನು ನಾಳೆ ಬೆಳಗ್ಗೆ ಅಡುಗೆಮನೆಯಲ್ಲಿ, ಅವಳ ಕೈಗೆ ಲೋಟ ಕೊಟ್ಟ ಮೇಲೆ ಹೇಳಿ.