ಪಕ್ಕದ ದೋಣಿಯ ಡಿಲಿಸ್

ಅಧ್ಯಕ್ಷರಾದ ಶ್ರೀ ಲೆನರ್ಡ್ ಟ್ಯಾನ್ಸ್ಲಿ ಅವರೇ, ಕೇಕು ಮಾಡಿ ತಂದಿರುವ ಶ್ರೀಮತಿ ಟ್ಯಾನ್ಸ್ಲಿ ಅವರೇ, ಇಂದು ನಾವು ಯಾರನ್ನು ಬೀಳ್ಕೊಡಲು ಸೇರಿದ್ದೇವೆಯೋ ಆ ಡಿಲಿಸ್ ಪ್ರಾಬರ್ಟ್ ಅವರೇ, ಈ ಕಾಲುವೆಯಲ್ಲಿ ಮನೆಯಾಗಿರುವ ದೋಣಿಯ ಹಗ್ಗಗಳನ್ನು ಭದ್ರವಾಗಿ ಕಟ್ಟಿ ಬಂದಿರುವ ಮತ್ತು ಕಟ್ಟಿದ್ದೇವೋ ಇಲ್ಲವೋ ಎಂದು ಈಗ ಯೋಚಿಸುತ್ತಿರುವ ಎಲ್ಲ ಸಭಿಕರೇ,

ಅಧ್ಯಕ್ಷರು ನನಗೆ ಒಂದು ಮಾತು ಹೇಳಿದ್ದಾರೆ. "ಮ್ಯುರಿಯಲ್, ಈ ವರ್ಷ ಹೊಸಬರು ತುಂಬಾ ಜನ ಬಂದಿದಾರೆ. ಡಿಲಿಸ್ ಬಗ್ಗೆ ನಾಲ್ಕು ಮಾತು ಹೇಳ್ತಾ ಹಾಗೇ ದೋಣಿಯವರ ನಡವಳಿಕೆ ಬಗ್ಗೆನೂ ಸ್ವಲ್ಪ ಹೇಳಿಬಿಡಮ್ಮಾ. ಅವರಿಗೂ ಬೇಜಾರಾಗಬಾರದು, ನಾವೂ ಹೇಳಿದ ಹಾಗಿರಬೇಕು" ಎಂದರು. ಹಾಗಾದರೆ ಹೊಸಬರೇ, ಬೇಜಾರು ಮಾಡಿಕೊಳ್ಳಬೇಡಿ.

ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಹೋಗುವಾಗ ನಡೆಯುವವನಿಗಿಂತ ನಿಧಾನವಾಗಿ ಹೋಗಿ. ನೀವು ಜೋರಾಗಿ ಹೋದರೆ ನಮ್ಮ ಸಾರು ಒಲೆಯ ಮೇಲಿಂದ ನೆಲಕ್ಕೆ ಬರುತ್ತದೆ. ರಾತ್ರಿ ಎಂಟರ ಮೇಲೆ ಇಂಜಿನ್ ಓಡಿಸಬೇಡಿ. ಬೇರೆಯವರ ಕಿಟಕಿಯೊಳಗೆ ಕಣ್ಣು ಹಾಕಬೇಡಿ. ಕಣ್ಣಿಗೆ ಬಿದ್ದರೂ ಬೀಳದಂತೆ ಇರಿ. ನೀರಿನ ನಲ್ಲಿಯ ಹತ್ತಿರ ದೋಣಿ ನಿಲ್ಲಿಸಿ, ಪೈಪು ಹಾಕಿ, ಪಬ್ಬಿಗೆ ಹೋಗಬೇಡಿ. ಇನ್ನು ಶೌಚದ ಡಬ್ಬಿ ಹಿಡಿದುಕೊಂಡು ದಂಡೆಯ ಮೇಲೆ ನಡೆಯುವವರನ್ನು ಯಾವ ಕಾರಣಕ್ಕೂ ಮಾತಿಗೆ ನಿಲ್ಲಿಸಬೇಡಿ. ಬರುವಾಗ, ಡಬ್ಬಿ ಖಾಲಿಯಾದ ಮೇಲೆ, ಎಷ್ಟು ಬೇಕಾದರೂ ಮಾತಾಡಿ. ನಗಬೇಡಿ ಲೆನರ್ಡ್, ನಿಮ್ಮನ್ನೇ ನಾನು ಸೇತುವೆ ಹತ್ತಿರ ನೋಡಿದ್ದೇನೆ. ಪಾದ್ರಿಗಳು ಹವಾಮಾನದ ಬಗ್ಗೆ ಮಾತಾಡುತ್ತಲೇ ಇದ್ದರು, ನೀವು ಕೈ ಬದಲಾಯಿಸುತ್ತಲೇ ಇದ್ದಿರಿ.

ಎಲ್ಲಕ್ಕಿಂತ ಕಷ್ಟದ ನಡವಳಿಕೆ ಯಾವುದು? ಜಾಗ ಸಾಲದೆ ಎರಡು ದೋಣಿಗಳನ್ನು ಅಕ್ಕಪಕ್ಕ ಕಟ್ಟಿದಾಗಿನದು. ಹೊರಗಿನ ದೋಣಿಯವರು ದಂಡೆಗೆ ಬರಬೇಕಾದರೆ ಒಳಗಿನ ದೋಣಿಯನ್ನು ತುಳಿದುಕೊಂಡೇ ಬರಬೇಕು. ಅಂದರೆ ಒಬ್ಬರ ಮನೆ ಇನ್ನೊಬ್ಬರ ಹಾದಿ. ಹಾದಿಯಾದ ಮನೆ ನನ್ನದು, ಹೆಸರು 'ಸಂಡೇ ಬೆಸ್ಟ್'. ತುಳಿಯುವವಳು ಡಿಲಿಸ್, ಅವಳ ದೋಣಿ 'ಪೀವಿಟ್'.

ದೋಣಿಯ ಕನಸು ನನ್ನದಲ್ಲ, ನನ್ನ ಯಜಮಾನರದು. ಸ್ಟ್ಯಾನ್ ಬಸ್ಸು ಓಡಿಸುತ್ತಿದ್ದರು. ನಿವೃತ್ತಿಯ ದಿನ ಮನೆಗೆ ಬಂದು, ಟೋಪಿ ತೆಗೆಯುವ ಮೊದಲೇ, "ಮ್ಯುರಿಯಲ್, ಇನ್ನು ಮೇಲೆ ಗಂಟೆ ಬಾರಿಸೋರು ಯಾರೂ ಇಲ್ಲ. ದೋಣಿ ತಗೊಳ್ಳೋಣ" ಎಂದರು. ನನಗೆ ನೀರೆಂದರೆ ಆಗದು. ಆದರೂ ಬಂದೆ. ಏಕೆ ಬಂದೆ? ಅಷ್ಟು ಆಸೆಯಿಂದ ಕೇಳಿದವರಿಗೆ ಬೇಡ ಎನ್ನುವುದು ಹೇಗೆ? ಇಂಜಿನ್, ಚುಕ್ಕಾಣಿ, ಹಗ್ಗ ಎಲ್ಲ ಅವರದು. ಒಲೆ, ಹಾಸಿಗೆ, ಗೊಣಗಾಟ ನನ್ನದು. ಅವರು ದಿನಕ್ಕೊಮ್ಮೆಯಾದರೂ ಬಾಗಿಲಿಗೆ ತಲೆ ಹೊಡೆಸಿಕೊಂಡು, "ಈ ಬಾಗಿಲು ನಿನ್ನೆಗಿಂತ ಕೆಳಗಿದೆ ಕಣೇ" ಎನ್ನುತ್ತಿದ್ದರು.

ಬಂದ ಮೊದಲ ವಾರವೇ ನನಗೂ ಡಿಲಿಸ್‌ಗೂ ಜಗಳವಾಯಿತು. ಅವಳು ಆಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಬೆಳಗಾಗುವ ಮೊದಲೇ ಕಬ್ಬಿಣದ ಲಾಳ ಹೊಡೆದಂಥ ಬೂಟು ಹಾಕಿಕೊಂಡು ನಮ್ಮ ದೋಣಿಯ ಮೂತಿಯ ಮೇಲೆ ದಾಟುತ್ತಿದ್ದಳು. ಉಕ್ಕಿನ ದೋಣಿ. ಒಳಗೆ ಮಲಗಿದವರಿಗೆ ಹೇಗೆ ಕೇಳಿಸುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಾನು ಕೋಟು ಸುತ್ತಿಕೊಂಡು ಹೊರಗೆ ಬಂದು, "ರೀ, ಸ್ವಲ್ಪ ಮೆಲ್ಲಗೆ ನಡೀಬಾರ್ದಾ? ಇಲ್ಲಿ ಮನುಷ್ಯರಿದಾರೆ" ಎಂದೆ.

ಅವಳು ನಿಂತಳು. ಮೇಲಿಂದ ಕೆಳಗೆ ನೋಡಿದಳು. "ನೋಡಿ ಬ್ಯಾಗ್ನಲ್ ಅವರೇ, ನಾನು ಕಿಟಕಿ ಕಡೆ ನೋಡಲ್ಲ, ನಿಮ್ಮ ಹೂಕುಂಡ ಒದಿಯಲ್ಲ, ಕೇಳದೆ ಒಳಗೆ ಕಾಲಿಡಲ್ಲ. ಹಾರೋಕೆ ಮಾತ್ರ ನನಗೆ ಬರಲ್ಲ" ಎಂದು ಹೇಳಿ ಹೋದಳು. ಸ್ಟ್ಯಾನ್ ಒಳಗಿನಿಂದ ನಕ್ಕದ್ದು ನನಗೆ ಕೇಳಿಸಿತು. ಅವರೊಡನೆಯೂ ಆ ದಿನ ಮಾತಾಡಲಿಲ್ಲ. ಆಮೇಲೆ ಅವಳು ಮೆದು ಅಡಿಯ ಬೂಟು ಕೊಂಡಳು. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ನಮ್ಮದು ಹಾಗೆಯೇ, ನಮಸ್ಕಾರಕ್ಕೆ ತಲೆಯಾಡಿಸುವಷ್ಟು ನೆರೆಹೊರೆ.

ಎರಡನೆಯ ಚಳಿಗಾಲದಲ್ಲಿ ಸ್ಟ್ಯಾನ್ ಹೋದರು. ಕಲ್ಲಿದ್ದಲಿನ ಚೀಲ ಇಳಿಸುತ್ತಿದ್ದವರು ದಂಡೆಯ ಮೇಲೆ ಕುಳಿತರು, ಏಳಲಿಲ್ಲ. ನಿಮ್ಮಲ್ಲಿ ಹಳಬರು ಅಂತ್ಯಕ್ರಿಯೆಗೆ ಬಂದಿದ್ದಿರಿ. ನನ್ನ ತಂಗಿ ಬಂದು, "ಈ ತಗಡಿನ ಡಬ್ಬಾನ ಮಾರಿ ನನ್ನ ಜೊತೆ ಬಂದಿರು ಅಕ್ಕಾ" ಎಂದಳು. ಮಾರುತ್ತೇನೆ ಎಂದೆ. ಅವಳು ಊರಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಮಲಗಿದೆ. ಒಲೆ ಆರಿತು. ಹಚ್ಚಲಿಲ್ಲ. ಕಿಟಕಿಯ ಒಳಮೈಯಲ್ಲಿ ಹಿಮ ಕಟ್ಟಿತು. ಅದನ್ನು ನೋಡುತ್ತಾ, ಚಂದ ಕಾಣುತ್ತದಲ್ಲ ಎಂದುಕೊಂಡು, ಹೊದಿಕೆ ಎಳೆದುಕೊಂಡೆ. ಇದನ್ನೆಲ್ಲ ಏಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಅಧ್ಯಕ್ಷರು ನಡವಳಿಕೆಯ ಬಗ್ಗೆ ಮಾತ್ರ ಹೇಳು ಎಂದಿದ್ದರು.

ನಡವಳಿಕೆಗೇ ಬರುತ್ತೇನೆ. ಒಂದು ಬೆಳಿಗ್ಗೆ ಮೂತಿಯ ಮೇಲೆ ಧಡ್ ಧಡ್ ಎಂದು ಬೂಟಿನ ಸದ್ದಾಯಿತು. ಹಳೆಯ ಬೂಟು. ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕೆಲಸಕ್ಕೆ ಹೋಗುವವಳು ಹೀಗೇಕೆ ಅತ್ತಿಂದಿತ್ತ ದಾಟುತ್ತಿದ್ದಾಳೆ? ಕಿವಿ ಮುಚ್ಚಿಕೊಂಡೆ. ಒಂದು ಕಡೆ ನಿಂತು ಕುಣಿಯುವುದಕ್ಕೇ ಶುರುಮಾಡಿದಳು ನೋಡಿ! ಕೊನೆಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಬಾಗಿಲು ತೆಗೆದು, ಈ ಸಭೆಯಲ್ಲಿ ಹೇಳಲಾಗದ ಒಂದು ಮಾತು ಬೈದೆ. ಅದು ನನ್ನ ಯಜಮಾನರ ಬಸ್ ಡಿಪೋದ ಮಾತು.

ಡಿಲಿಸ್ ಕುಣಿಯುವುದನ್ನು ನಿಲ್ಲಿಸಿದಳು. "ಬೈಯೋಕೆ ತ್ರಾಣ ಇದೆ ಅಂದಮೇಲೆ ಒಲೆ ಹಚ್ಚೋಕೂ ಇದೆ. ನಿನ್ನ ಚಿಮಣಿಯಲ್ಲಿ ಹೊಗೆ ಇಲ್ಲ. ಹಚ್ಚು" ಎಂದಳು.

"ನಿನಗೇನು ಬಂತು ಅದರಿಂದ?" ಎಂದೆ.

"ನನ್ನ ದೋಣಿಗೆ ನಿನ್ನ ದೋಣಿನೇ ಗೋಡೆ. ನೀನು ತಣ್ಣಗಾದ್ರೆ ನಾನೂ ತಣ್ಣಗಾಗ್ತೀನಿ. ಹಚ್ಚೇ."

ಹಚ್ಚಿದೆ. ಕಡ್ಡಿ ಮುರಿಯುತ್ತಲೇ ಇತ್ತು. ಬಹಳ ಹೊತ್ತಾಯಿತು. ಹಿಂತಿರುಗಿ ನೋಡಿದರೆ ಅವಳು ಇನ್ನೂ ಬಾಗಿಲ ಹೊರಗೆ ನಿಂತಿದ್ದಾಳೆ. ಹೊರಗೆ ಮಂಜುಮಿಶ್ರಿತ ಮಳೆ. ಟೋಪಿಯಿಂದ ನೀರು ತೊಟ್ಟಿಕ್ಕುತ್ತಿದೆ. ಹೊಸ್ತಿಲಾಚೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಏಕೆಂದರೆ ನಾನು ಒಳಗೆ ಬಾ ಎಂದಿರಲಿಲ್ಲ. ಸಭಿಕರೇ, ನಡವಳಿಕೆ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

"ಒಳಗೆ ಬಾ" ಎಂದೆ. ಬಂದಳು. ಟೀ ಮಾಡಿದೆ. ಅವಳು ಸ್ಟ್ಯಾನ್ ಕುಳಿತುಕೊಳ್ಳುತ್ತಿದ್ದ ಕುರ್ಚಿಯನ್ನು ಬಿಟ್ಟು ಕಲ್ಲಿದ್ದಲಿನ ಡಬ್ಬದ ಮೇಲೆ ಕುಳಿತಳು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಟೀ ತೆಳ್ಳಗಿದೆ ಎಂದಳು.

ದೋಣಿ ಮಾರುತ್ತೇನೆ ಎಂದು ವಸಂತದಲ್ಲಿ ಅವಳಿಗೆ ಹೇಳಿದೆ. "ಮಾರು, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಓಡಿಸೋಕೆ ಬರದೆ ಮಾರಬೇಡ. ಬರೋದನ್ನ ಬಿಡೋದು ಬೇರೆ, ಹೆದರಿ ಬಿಡೋದು ಬೇರೆ" ಎಂದಳು. ಆ ಬೇಸಿಗೆಯೆಲ್ಲ ನನಗೆ ಚುಕ್ಕಾಣಿ ಹಿಡಿಯಲು ಕಲಿಸಿದಳು. ಕಲಿಸಿದಳು ಎಂದರೆ ಏನು? ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ದಂಡೆಯ ಮೇಲೆ ನಡೆದಳು. ನಾನು ಸೇತುವೆಗೆ ಗುದ್ದಿದೆ. ನಡೆದಳು. ಮೀನು ಹಿಡಿಯುವವನ ಗಾಳವನ್ನು ಎಳೆದುಕೊಂಡು ಹೋದೆ. ಅವನು ನನ್ನನ್ನು ಬೈದ. ಅವಳು, "ಸರಿಯಾಗಿ ಹೇಳಿದ್ರಿ" ಎಂದು ಅವನ ಪಕ್ಷ ವಹಿಸಿದಳು.

ನಾನು ಒಬ್ಬಳೇ ಲಾಕಿನಲ್ಲಿ, ಅದೇ ಎರಡು ಬಾಗಿಲುಗಳ ನಡುವೆ ನೀರು ಇಳಿಸಿ ದೋಣಿಯನ್ನು ಕಾಲುವೆಯ ಕೆಳಗಿನ ಮಟ್ಟಕ್ಕೆ ತರುವ ಕಡೆ, ದೋಣಿ ಇಳಿಸಿದ ದಿನವನ್ನು ಹೇಳದಿದ್ದರೆ ಆಗುವುದಿಲ್ಲ. ದೋಣಿ ಲಾಕಿನ ಗುಂಡಿಯೊಳಗಿದೆ, ಹಿಂದಿನ ಬಾಗಿಲು ಹಾಕಿದೆ, ಮುಂದಿನ ತೂಬು ಎತ್ತಿದ್ದೇನೆ, ನೀರು ಇಳಿಯುತ್ತಿದೆ. ನಾನು ಮೇಲೆ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹೆಮ್ಮೆಯಿಂದ ಸುತ್ತ ನೋಡುತ್ತಿದ್ದೇನೆ. ಅಷ್ಟರಲ್ಲಿ ಹಗ್ಗ ಸಡಿಲಾಗಿ ದೋಣಿ ಹಿಂದಕ್ಕೆ ಸರಿದಿತ್ತು. ಹಿಂಬಾಗಿಲ ಬುಡದಲ್ಲಿ ಕಲ್ಲಿನ ಮೆಟ್ಟಿಲಿದೆಯಲ್ಲ, ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ನೀರು ಇಳಿದಂತೆ ಮೂತಿ ಕೆಳಗಾಗಿ ಇಡೀ ದೋಣಿ ಮುಳುಗುತ್ತದೆ. ಡಿಲಿಸ್ ಕೂಗಲಿಲ್ಲ. "ಮ್ಯುರಿಯಲ್, ಹಿಂದೆ ನೋಡು" ಎಂದಳು, ಅಷ್ಟೇ.

ನೋಡಿದೆ. ಓಡಿ ಹೋಗಿ ತೂಬು ಇಳಿಸಿದೆ. ನೀರು ನಿಂತಿತು. ಹಗ್ಗ ಎಳೆದು ದೋಣಿಯನ್ನು ಮುಂದಕ್ಕೆ ತಂದೆ. ಅಲ್ಲೇ ಹುಲ್ಲಿನ ಮೇಲೆ ಕುಳಿತು ಅತ್ತೆ. ಸ್ಟ್ಯಾನ್ ಹೋದಮೇಲೆ ಅತ್ತದ್ದು ಅದೇ ಮೊದಲು. ತಲೆಯೆತ್ತಿ ನೋಡಿದಾಗ ಡಿಲಿಸ್‌ಳ ಎರಡೂ ಕೈಗಳು ಜೇಬಿನಿಂದ ಹೊರಗೆ ಬಂದು ಮುಷ್ಟಿ ಕಟ್ಟಿದ್ದವು. ನಾನು ನೋಡಿದ್ದು ಕಂಡು ಮತ್ತೆ ಜೇಬಿಗೆ ಹಾಕಿಕೊಂಡಳು. "ಅತ್ತಾಯ್ತಾ? ನೀರು ಕಾಯ್ತಿದೆ" ಎಂದಳು.

ದೋಣಿಯನ್ನು ನಾನು ಮಾರಲಿಲ್ಲ. ತಂಗಿ ಇಂದಿಗೂ ಅದನ್ನು ತಗಡಿನ ಡಬ್ಬಾ ಎನ್ನುತ್ತಾಳೆ. ಪ್ರತಿ ಬೇಸಿಗೆಯಲ್ಲೂ ಹದಿನೈದು ದಿನ ಬಂದು ಇರುತ್ತಾಳೆ.

ಈಗ ಡಿಲಿಸ್ ಏಕೆ ಹೋಗುತ್ತಿದ್ದಾಳೆ? ಡಾಕ್ಟರು ಹೇಳಿದರು ಎಂದು ಕೆಲವರು, ಬೆಟ್ಟದ ಮೇಲಿನ ಹೊಸ ಮನೆ ಅವಳಿಗೆ ಹಿಡಿಸಿತು ಎಂದು ಕೆಲವರು ಮಾತಾಡಿಕೊಳ್ಳುತ್ತಿದ್ದೀರಿ. ಸೊಂಟದ ನೋವು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ನವೆಂಬರಿನಲ್ಲಿ ಅವಳು ಬಿದ್ದದ್ದು. ಅಯ್ಯೋ, ಹೇಳಿಬಿಟ್ಟೆ. ಡಿಲಿಸ್, ಹಾಗೆ ನೋಡಬೇಡ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

ಬೆಳಿಗ್ಗೆ ಹಿಮ ಬಿದ್ದಿತ್ತು. ದಾಟುವಾಗ ಕಾಲು ಜಾರಿ ಎರಡು ದೋಣಿಗಳ ನಡುವೆ ಇಳಿದುಹೋದಳು. ನೀರು ಎದೆಮಟ್ಟ, ಆದರೆ ಎರಡು ಕಡೆಯೂ ಉಕ್ಕು. ಆಗಲೇ ಒಂದು ದೋಣಿ ಆಚೆಯಿಂದ ಬರುತ್ತಿತ್ತು. ಅದು ಹತ್ತಿರ ಬಂದಿದ್ದರೆ ಅದು ಎಬ್ಬಿಸುವ ಅಲೆಗೆ ನಮ್ಮೆರಡೂ ದೋಣಿಗಳು ಒಂದಕ್ಕೊಂದು ತಾಗುತ್ತಿದ್ದವು. ನಾನು ನಮ್ಮ ಮೂತಿಯ ಮೇಲೆ ಕುಳಿತು, ಎರಡೂ ಕಾಲನ್ನು ಪೀವಿಟ್‌ಗೆ ಕೊಟ್ಟು, ಬೆನ್ನು ಬಾಗಿಲಿಗೆ ಒತ್ತಿ, ನಿಲ್ಲಿಸೀ ಎಂದು ಕಿರುಚಿದೆ. ಆ ಪುಣ್ಯಾತ್ಮ ನಿಲ್ಲಿಸಿದ. ಆಮೇಲೆ ಇವಳ ಕೋಟಿನ ಕಾಲರು ಹಿಡಿದು ಎಳೆದೆ. ಮೇಲೆ ಬಂದವಳು ಹಲ್ಲು ಕಟಕಟ ಎನ್ನುತ್ತಿರುವಾಗಲೇ, "ಯಾರಿಗಾದ್ರೂ ಹೇಳಿದ್ರೆ ನೋಡು" ಎಂದಳು.

ನಮ್ಮ ಜಾಗ ಬದಲಾಯಿಸೋಣ, ನೀನು ದಂಡೆ ಕಡೆ ಬಾ, ನಾನು ಹೊರಗೆ ಹೋಗುತ್ತೇನೆ ಎಂದೆ. ಒಪ್ಪಲಿಲ್ಲ. ದಾಟುವಾಗ ಕೈ ಹಿಡಿಯುತ್ತೇನೆ ಎಂದೆ. ಎರಡೂ ಕೈ ಜೇಬಿಗೆ ಹಾಕಿಕೊಂಡಳು. ಒಬ್ಬರ ಹಗ್ಗವನ್ನು ಇನ್ನೊಬ್ಬರು ಕೇಳದೆ ಮುಟ್ಟಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಒಬ್ಬರ ಬದುಕನ್ನು ಮುಟ್ಟಬಹುದೇ? ಬಹಳ ಯೋಚಿಸಿದೆ. ಆಮೇಲೆ ಒಂದು ಮಧ್ಯಾಹ್ನ ಟೀ ಕುಡಿಯುವಾಗ ಹೇಳಿಬಿಟ್ಟೆ.

"ಡಿಲಿಸ್, ಸಾಕು ಕಣೇ. ನೆಲದ ಮೇಲೆ ಮನೆ ಮಾಡು."

"ಡಾಕ್ಟ್ರು ಹೇಳಿಲ್ಲ."

"ಡಾಕ್ಟ್ರು ನಿನ್ನ ಕಾಲರ್ ಹಿಡಿದು ಎಳೆದಿಲ್ಲ. ಇನ್ನೊಂದು ಸಲ ನಾನು ಅಂಗಡಿಗೆ ಹೋಗಿರ್ತೀನಿ."

ಅವಳು ಲೋಟ ಕೆಳಗಿಟ್ಟಳು. "ನಾನು ಹೋದ್ರೆ ನಿನಗೆ ಖುಷಿನಾ?"

"ಇಲ್ಲ" ಎಂದೆ. "ಅದಕ್ಕೇ ಬೇರೆ ಯಾರೂ ಹೇಳೋ ಮೊದಲು ನಾನು ಹೇಳ್ತಿದೀನಿ."

ಎದ್ದು ಹೋದಳು. ಕ್ರಿಸ್ಮಸ್ ಕಳೆಯಿತು, ಮಾತಿಲ್ಲ. ದಿನಾ ನನ್ನ ದೋಣಿಯ ಮೇಲೆಯೇ ದಾಟುತ್ತಿದ್ದಳು, ತಲೆ ಮಾತ್ರ ಆಡಿಸುತ್ತಿದ್ದಳು. ಅವಳು ದಾಟಿ ಮುಗಿಯುವವರೆಗೆ ನಾನು ಒಳಗೆ ಉಸಿರು ಹಿಡಿದು ಕುಳಿತಿರುತ್ತಿದ್ದೆ. ಆಮೇಲೆ ಒಂದು ದಿನ ಬಾಗಿಲಲ್ಲಿ ನಿಂತು, "ಒಂದು ಮನೆ ನೋಡೋಕೆ ಹೋಗ್ತಿದೀನಿ. ಬರ್ತೀಯಾ?" ಎಂದಳು.

ನೆಲದ ಅಂತಸ್ತಿನ ಮನೆ. ಮೆಟ್ಟಿಲಿಲ್ಲ. ತೋರಿಸಲು ಬಂದ ಹುಡುಗಿ ಬೀರು, ಕಿಟಕಿ, ಬಸ್ ನಿಲ್ದಾಣ ಎಂದು ಏನೇನೋ ಹೇಳುತ್ತಿದ್ದಳು. ಡಿಲಿಸ್ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂತು. ಬರುತ್ತಲೇ ಇತ್ತು. ನಿಂತು ನೋಡಿದಳು. ಪಂಪಿನ ಸದ್ದಿಲ್ಲ, ಟ್ಯಾಂಕು ಬರಿದಾಗುವ ಭಯವಿಲ್ಲ. "ಇದು ಮುಗಿಯೋದೇ ಇಲ್ವಲ್ಲೇ ಮ್ಯುರಿಯಲ್" ಎಂದಳು. ಅವಳ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ. ನಾನು ಕಿಟಕಿಯಾಚೆ ನೋಡುತ್ತಾ ನಿಂತೆ. ಆ ಹುಡುಗಿ ಪಾಪ, ಇಬ್ಬರು ಮುದುಕಿಯರಿಗೆ ನಲ್ಲಿಯನ್ನು ಕಂಡು ಏನಾಯಿತೆಂದು ಗಾಬರಿಯಾದಳು.

ಪೀವಿಟ್ ಮಾರಾಟವಾಗಿದೆ. ನಾಳೆ ಬೆಳಿಗ್ಗೆ ಅದನ್ನು ಕೊಂಡವರಿಗೆ ತಲುಪಿಸಬೇಕು. ಪೀವಿಟ್‌ನ ಚುಕ್ಕಾಣಿಯನ್ನು ಡಿಲಿಸ್ ಈವರೆಗೆ ಯಾರ ಕೈಗೂ ಕೊಟ್ಟಿಲ್ಲ. ಸ್ಟ್ಯಾನ್ ಒಮ್ಮೆ ಕೇಳಿ ಇಲ್ಲ ಎನಿಸಿಕೊಂಡಿದ್ದರು. ಈ ಸಂಜೆ ಇಲ್ಲಿಗೆ ಬರುವ ದಾರಿಯಲ್ಲಿ, ಕೋಲೂರಿಕೊಂಡು ನಡೆಯುತ್ತಾ, ನನ್ನ ಕಡೆ ತಿರುಗದೆ, "ನಾಳೆ ಅಷ್ಟು ಹೊತ್ತು ನಿಲ್ಲೋಕೆ ನನ್ನ ಕೈಲಿ ಆಗಲ್ಲ. ನೀನು ಹಿಡಿ. ನಾನು ಮುಂದೆ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಹಿಂದೆ ತಿರುಗಿ ನೋಡಲ್ಲ" ಎಂದಳು.

ಹೊಸಬರೇ, ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆ. ನಾಳೆ ಪೀವಿಟ್ ನಾವೀಗ ಸಭೆ ಸೇರಿರುವ ಈ ಹಳೆಯ ಗೋದಾಮಿನ ಮುಂದೆ ಹಾದುಹೋಗುವಾಗ ದಯವಿಟ್ಟು ಯಾರೂ ಕೈ ಬೀಸಬೇಡಿ. ನನಗೆ ಎರಡು ಕೈಯೂ ಬೇಕು, ಕಣ್ಣೂ ಬೇಕು. ನಾನು ಸಂಜೆ ಬಸ್ಸಿನಲ್ಲಿ ಹಿಂದಿರುಗುತ್ತೇನೆ. ಆಗ ಯಾರಾದರೂ ನಿಲ್ದಾಣದಿಂದ ನನ್ನ ಜೊತೆ ನಡೆದು ಬರುವುದಾದರೆ, ಬೇಡ ಎನ್ನುವುದಿಲ್ಲ. ಶ್ರೀಮತಿ ಟ್ಯಾನ್ಸ್ಲಿಯವರ ಕೇಕು ಕಾಯುತ್ತಿದೆ. ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕೈ ಜೇಬಿಗಿಟ್ಟುಕೊಂಡು ಕುಳಿತಿರುವವಳಿಗೂ, ನನ್ನ ನಮಸ್ಕಾರ.