ಬಟ್ಟೆ ಹೊದಿಸಿಟ್ಟ ಫ್ರಿಜ್

ಸೋಂಕಿನಿಂದಾಗಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ಕಾಲ. ಲಸಿಕೆಯ ಸಾಲಿನಲ್ಲಿ ಒಬ್ಬ ಅಜ್ಜಿಯ ಮುಂದೆ ಜ್ಯೂಸ್ ಅಂಗಡಿಯವನು ನಿಂತಿದ್ದ. ಅವನನ್ನು ಕಂಡದ್ದೇ ನರ್ಸಮ್ಮನ ಮುಖ ಅರಳಿತು.

"ಅಣ್ಣಾ, ಲಸಿಕೆ ಇಡೋಕೆ ಫ್ರಿಜ್ ಕೊಟ್ಟು ಪುಣ್ಯ ಕಟ್ಕೊಂಡ್ರಿ!"

"ಚೆನ್ನಾಗಿ ಓಡ್ತಿದೆಯಾ?"

"ಆಗಾಗ ಮುನಿಸ್ಕೊಳ್ಳುತ್ತೆ. ಪಕ್ಕದಲ್ಲೇ ಕೂತು ಐಸ್ ಇಡ್ತೀವಿ. ನಿನ್ನೆ ಊಟ ಮಾಡಿ ಬರೋಷ್ಟರಲ್ಲಿ ನಲವತ್ತು ಜನರ ಲಸಿಕೆ ಹಾಳಾಗಿತ್ತು."

"ಅಯ್ಯೋ!"

"ನಿಮ್ಮ ತಪ್ಪೇನಣ್ಣಾ? ಇದ್ದದ್ದನ್ನ ಕೊಟ್ರಿ."

ಅವನ ತಲೆ ತಗ್ಗಿತು. "ಇಲ್ಲಮ್ಮ. ಹೊಸದು ಅಂಗಡೀಲಿ ಖಾಲಿ ನಿಂತಿದೆ. ಗೀರು ಬೀಳುತ್ತೆ ಅಂತ ಬಟ್ಟೆ ಹೊದಿಸಿಟ್ಟೆ."

ನರ್ಸಮ್ಮ ಕೇಳಿದಳು, "ತರೋಕೆ ಗಾಡಿ ಇದೆಯಾ?"

"ತಳ್ಳೋ ಗಾಡಿ ಇದೆ. ಈಗಲೇ ತರ್ತೀನಿ."

"ಹೋಗಿ ಬನ್ನಿ. ನಿಮ್ಮ ಜಾಗ ಈ ಅಜ್ಜಿ ನೋಡ್ಕೋತಾರೆ."

"ಜಾಗ ಬೇಡಮ್ಮ. ಆ ನಲವತ್ತು ಜನರದ್ದಾದ್ಮೇಲೆ ನಂದು," ಎಂದವನು ಸಾಲಿನಲ್ಲಿದ್ದ ಯಾರ ಮುಖವನ್ನೂ ನೋಡದೆ ಗೇಟಿನತ್ತ ಹೊರಟ.