ಬೀಳುವುದು ಮೊದಲೋ, ನಗುವುದು ಮೊದಲೋ

ಒಂದೂರು. ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಮೆಣಸಿನಕಾಯಿ ವ್ಯಾಪಾರ. ಅವನ ಅಂಗಡಿಯ ಮುಂದೆ ಹಾದುಹೋದರೆ ಮೊದಲು ಸೀನು ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು. ಸೀನು ಮೆಣಸಿನಕಾಯಿಯಿಂದ, ನಗು ಸೌಕಾರನಿಂದ.

ಕೆಟ್ಟವನೇ? ಅಲ್ಲ. ನೋಡಿ, ಕಥೆಯಲ್ಲಿ ಶ್ರೀಮಂತ ಎಂದ ಕೂಡಲೇ ನಾವು ಅವನನ್ನು ಕೆಟ್ಟವರ ಸಾಲಿನಲ್ಲಿ ಕೂರಿಸಿ, ನಾವು ಈಚೆ ಸಾಲಿನಲ್ಲಿ ಕೂತುಬಿಡುತ್ತೇವೆ. ಸ್ವಲ್ಪ ತಡೆಯಿರಿ. ಇವನು ಹಸಿದು ಬಂದವರನ್ನು ಊಟ ಮಾಡಿಸದೆ ಕಳಿಸಿದವನಲ್ಲ. ಬೀದಿಯಲ್ಲಿ ಯಾರ ಮಗು ಎಡವಿ ಬಿದ್ದರೂ ಓಡಿಹೋಗಿ ಎತ್ತಿ ಮಣ್ಣು ಕೊಡವುತ್ತಿದ್ದ. ಅವನಿಗಿದ್ದದ್ದು ಒಂದೇ ಚಟ. ದೊಡ್ಡವರು ಯಾರಾದರೂ ಹೊಸದಾಗಿ ಏನನ್ನಾದರೂ ಕಲಿಯಲು ಹೊರಟರೆ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ಊರಿನ ಮೇಷ್ಟ್ರೊಬ್ಬರು ತಲೆ ಬೆಳ್ಳಗಾದ ಮೇಲೆ ಸ್ಕೂಟರ್ ಕಲಿಯಲು ಹೊರಟರು. ಗಾಬರಿಯಲ್ಲಿ ಹಾರ್ನ್ ಒತ್ತುವುದನ್ನು ಮರೆತು ಬಾಯಲ್ಲೇ "ಸರೀರಿ, ಸರೀರಿ" ಎಂದು ಕೂಗುತ್ತ ಹೋಗುತ್ತಿದ್ದರು. ಸೌಕಾರ ಕುರ್ಚಿಯ ಮೇಲೆ ಕೂತು ಅದನ್ನು ಹಾಗೆಯೇ ಮಾಡಿ ತೋರಿಸಿದರೆ ಇಡೀ ಅಂಗಡಿಕಟ್ಟೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಮೇಷ್ಟ್ರು ಸ್ಕೂಟರನ್ನು ತಮ್ಮನಿಗೆ ಕೊಟ್ಟು ಮತ್ತೆ ನಡೆದುಕೊಂಡೇ ಶಾಲೆಗೆ ಹೋಗತೊಡಗಿದರು.

ಮಗು ಬಿದ್ದರೆ "ಅಯ್ಯೋ ಕಂದಾ." ದೊಡ್ಡವರು ಬಿದ್ದರೆ "ಹೊಹ್ಹೊಹ್ಹೋ." ಇದು ಆ ಸೌಕಾರನೊಬ್ಬನ ರೀತಿಯೇ? ನಮ್ಮ ನಿಮ್ಮ ಮನೆಯಲ್ಲಿಲ್ಲವೇ? ಹಾಗಾದರೆ ನನಗೊಂದು ತಿಳಿಯಬೇಕು. ಬೀಳುವುದಕ್ಕೆ ಸಿಕ್ಕಿದ್ದ ಅನುಮತಿ ಯಾವ ವಯಸ್ಸಿಗೆ ಮುಗಿಯುತ್ತದೆ? ಯಾರು ಬಂದು ಅದನ್ನು ಕಿತ್ತುಕೊಳ್ಳುತ್ತಾರೆ? ಯೋಚನೆ ಮಾಡುತ್ತಿರಿ, ನಾನು ಕಥೆ ಮುಂದುವರಿಸುತ್ತೇನೆ.

ಸೌಕಾರನಿಗೊಬ್ಬಳು ಹೆಂಡತಿ. ಇಂಥ ಕಥೆಗಳಲ್ಲಿ ಹೆಸರು ಹೇಳುವ ರೂಢಿಯಿಲ್ಲ. ಆದರೆ ಊರಿನವರು ಸೌಕಾರ್ತಿ, ಸೌಕಾರ್ತಿ ಎಂದು ಕರೆದೂ ಕರೆದೂ ಆ ತಾಯಿಯ ಹೆಸರನ್ನೇ ಮರೆತಿದ್ದರು. ನಾವಾದರೂ ಹೇಳೋಣ. ನೀಲವ್ವ.

ಒಂದು ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಊರಿನ ಕೆಲವು ಮನೆಯವರು ಸೇರಿ ಉತ್ತರದ ಯಾತ್ರೆಗೆ ಹೋದರು. ಸೌಕಾರ, ನೀಲವ್ವ, ಸೌಕಾರನ ಮೊಣಕಾಲು ನೋವಿನ ಅಕ್ಕ, ಎಲ್ಲರೂ ಇದ್ದರು. ಕಾಶಿ ಆಯಿತು, ಹರಿದ್ವಾರ ಆಯಿತು. ಇಷ್ಟು ದೂರ ಬಂದಿದ್ದೇವೆ, ಹಿಮವನ್ನೂ ನೋಡಿಬಿಡೋಣ ಎಂದು ಒಂದು ಬೆಟ್ಟದ ಊರಿಗೆ ಹತ್ತಿದರು.

ಅಲ್ಲೊಂದು ಆಟ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಹಿಮದ ಇಳಿಜಾರಿನಲ್ಲಿ ಸುಯ್ಯೆಂದು ಜಾರುವುದು. ಸ್ಕೀಯಿಂಗ್ ಎನ್ನುತ್ತಾರೆ. ಹೊಸಬರಿಗೆಂದು ಒಂದು ಸಣ್ಣ ದಿಬ್ಬ, ನಮ್ಮ ಕೆರೆ ಏರಿಯಷ್ಟೂ ಎತ್ತರವಿಲ್ಲ. ಕೆಳಗೊಂದು ಕೆಂಪು ಬಾವುಟ. ನೀಲವ್ವ ಅದನ್ನು ನೋಡುತ್ತ ನಿಂತವಳು ನಿಂತೇಬಿಟ್ಟಳು. ಮರುದಿನ ನಸುಕಿನಲ್ಲಿ ಬಸ್ಸು ಹೊರಡುವುದಿತ್ತು. ಅವಳಿಗಿದ್ದದ್ದು ಆ ಒಂದು ಮಧ್ಯಾಹ್ನ.

"ರೀ, ನಾನೂ ಒಮ್ಮೆ ಆ ಬಾವುಟದ ತನಕ ಬರತೇನ್ರಿ" ಎಂದಳು.

"ನೀನಾ?" ಎಂದ ಸೌಕಾರ. "ಮನ್ಯಾಗ ಫರಸಿ ಮ್ಯಾಲ ನೀರು ಚೆಲ್ಲಿದ್ರ ಗ್ವಾಡಿ ಹಿಡಕೊಂಡು ಅಡ್ಡಾಡಾಕಿ!"

"ಅದಕ್ಕ ಕಲೀಬೇಕಂತೇನಿ."

"ಹೋಗು, ಹೋಗು. ನಮಗೂ ಹೊತ್ತು ಹೋಗಬೇಕಲ್ಲ."

ಜೊತೆಗೆ ಬಂದವರೊಬ್ಬರ ಚೂಡಿದಾರ್ ಎರವಲು ಪಡೆದು, ಅದರ ಮೇಲೆ ಬಾಡಿಗೆಯ ದಪ್ಪ ಪ್ಯಾಂಟು, ಕೋಟು, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು ನೀಲವ್ವ ದಿಬ್ಬದ ಮೇಲೆ ನಿಂತಳು. ಹಲಗೆಗೆ ಕಾಲಿಡುವ ಮೊದಲು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಲಿಸುವಾತ ಆ ಬೆಟ್ಟದವನು, ಹಿಂದಿಯಲ್ಲಿ ಏನೋ ಹೇಳುತ್ತಿದ್ದ. ನೀಲವ್ವನಿಗೆ ಮಾತು ತಿಳಿಯದಿದ್ದರೂ ಅವನ ಮೊಣಕಾಲು ನೋಡಿ ತಾನೂ ಮೊಣಕಾಲು ಬಾಗಿಸಿದಳು.

ಕೆಳಗೆ ಚಹಾದಂಗಡಿ. ಪ್ಲಾಸ್ಟಿಕ್ ಕುರ್ಚಿ. ಸೌಕಾರ, ಅವನ ಸುತ್ತ ಊರಿನ ಗಂಡಸರು. ಅಂಗಡಿಕಟ್ಟೆಯೇ ಹಿಮಾಲಯಕ್ಕೆ ಬಂದಂತಾಯಿತು.

"ನೋಡ್ರಪಾ, ಲಟ್ಟಣಗಿ ಹಿಡಿಯೋ ಕೈಯಾಗ ಕೋಲು ಬಂತು! ಹಿಮಾನೇ ಲಟ್ಟಸ್ತಾಳೀಗ!"

ನೀಲವ್ವ ನಾಲ್ಕು ಮಾರು ಜಾರಿದಳು. ಸ್ವಲ್ಪ ತೂಗಾಡಿದಳು. ಸೌಕಾರ ಹೊಹ್ಹೋ ಎಂದ. ಅವಳ ಬಲಗೈ ಕೋಲಿನ ಸಮೇತ ಮೇಲೆದ್ದಿತು, ದೊಪ್ಪನೆ ಬಿದ್ದಳು.

ಎದ್ದಳು. ಅಡ್ಡಡ್ಡ ಹೆಜ್ಜೆ ಹಾಕಿ ದಿಬ್ಬ ಹತ್ತಿದಳು. ಮತ್ತೆ ಜಾರಿದಳು. ಮತ್ತೆ ಕೈ ಮೇಲೆ, ಮತ್ತೆ ನೆಲಕ್ಕೆ.

"ಏ, ಆಕಿ ಟಾಟಾ ಮಾಡಾಕತ್ತಾಳಪಾ! ಊರಿಗೆ ಹೊಂಟಾಳ!"

ಗಂಡಸರು ಚಹಾ ಚೆಲ್ಲಿಕೊಂಡು ನಕ್ಕರು. ನಾವಿದ್ದರೂ ನಗುತ್ತಿದ್ದೆವು. ಸುಳ್ಳು ಯಾಕೆ ಹೇಳಬೇಕು? ಬೀಳುವ ಮೊದಲು ಒಬ್ಬಾಕೆ ಟಾಟಾ ಮಾಡಿದರೆ ಯಾರಿಗೆ ನಗು ಬರುವುದಿಲ್ಲ?

ಹಾಗೆ ಹತ್ತುತ್ತ ಬೀಳುತ್ತ ಬಿಸಿಲು ಇಳಿಯತೊಡಗಿತು. ನೀಲವ್ವ ದಿಬ್ಬದ ಪಕ್ಕ ಕಂಬಳಿ ಹೊದ್ದು ಕೂತಿದ್ದ ಸೌಕಾರನ ಅಕ್ಕನ ಹತ್ತಿರ ಬಂದು ಬೂಟಿನ ಪಟ್ಟಿ ಸಡಿಲಿಸತೊಡಗಿದಳು. ಕಣ್ಣಲ್ಲಿ ನೀರಿತ್ತು.

"ಸಾಕ್ರಿ ಅಕ್ಕಾರ. ಕಾಲು ನನ್ನ ಮಾತು ಕೇಳತಾವ. ಕೈ ಯಾಕೋ ಕೇಳವಲ್ತು."

ನೋಡಿ, ಇಲ್ಲಿಯವರೆಗೆ ಎಲ್ಲರೂ ನೋಡಿದ್ದರು, ಎಲ್ಲರೂ ನಕ್ಕಿದ್ದರು. ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅಕ್ಕ ಕೇಳಿದಳು.

"ಕೈ ಎಲ್ಲಿ ಹೋಗತೈತಿ?"

"ಗೊತ್ತಿಲ್ರಿ. ಬಿದ್ದಮ್ಯಾಲ ನೋಡಿದ್ರ ಟೊಪಗಿ ಹಿಡಕೊಂಡಿರತೇನಿ."

"ಹೌದಾ? ಇದೇನಿದು! ಇನ್ನೊಮ್ಮೆ ಹೋಗು ನೀಲಾ. ನಾ ನೋಡತೇನಿ. ನಗಾಕಲ್ಲ, ನೋಡಾಕ."

ಅವಳು ಹೋದಳು, ಬಿದ್ದಳು. ಅಕ್ಕ ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ಕೋಲೂರಿಕೊಂಡು ಚಹಾದಂಗಡಿಗೆ ಬಂದಳು.

"ತಮ್ಮಾ, ಒಂದು ಕೇಳತೇನಿ, ವಿಚಾರ ಮಾಡಿ ಹೇಳು. ಆಕಿ ಬೀಳೂದು ಮದಲೋ, ನೀ ನಗೂದು ಮದಲೋ?"

"ಇದೆಂಥಾ ಪ್ರಶ್ನಿ ಅಕ್ಕಾ? ಆಕಿ ಬೀಳತಾಳ, ನಾ ನಗತೇನಿ."

"ನಾನೂ ಹಂಗ ತಿಳಕೊಂಡಿದ್ದೆ. ಈಗ ನೋಡಿದೆ. ಮದಲ ನೀ ನಗತಿ. ಆಕಿ ಕೈ ತಲಿಗೆ ಹೋಗತೈತಿ. ಕೋಲು ಮ್ಯಾಲ ಏಳತೈತಿ. ಆಮ್ಯಾಲ ಬೀಳತಾಳ."

"ನನ್ನ ನಗೂಕೂ ಆಕಿ ತಲೀಗೂ ಏನ ಸಂಬಂಧ?"

"ನಮ್ಮ ಮನ್ಯಾಗ ನಿನ್ನ ನಗು ಕೇಳಿದ್ರ ಹೆಣ್ಮಕ್ಕಳು ಏನ ಮಾಡತಾರ?"

ಸೌಕಾರ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟ.

ನೀವು ಆ ಊರಿನ ಸೀಮೆಯವರಾದರೆ ನಿಮಗೆ ಗೊತ್ತು. ಆ ಮನೆಯಲ್ಲಿ ಪಡಸಾಲೆಗೆ ಪರಗಂಡಸರು ಬಂದು ಕೂತರೆ ಒಳಗಿನ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು. ಬಂದದ್ದು ಒಳಗಿನವರಿಗೆ ತಿಳಿಯುವುದು ಹೇಗೆ? ಸೌಕಾರ ಒಬ್ಬನೇ ಇದ್ದಾಗ ನಗುವವನಲ್ಲ. ಅವನ ನಗುವಿಗೆ ಜನ ಬೇಕು. ನಗು ಕೇಳಿಸಿತೆಂದರೆ ಪಡಸಾಲೆ ತುಂಬಿದೆ ಎಂದರ್ಥ. ಮದುವೆಯಾಗಿ ಬಂದ ದಿನದಿಂದ ನೀಲವ್ವ ಹಿಟ್ಟು ನಾದುತ್ತಿರಲಿ, ಮಗುವಿಗೆ ಎಣ್ಣೆ ಹಚ್ಚುತ್ತಿರಲಿ, ಆ ನಗು ಕಿವಿಗೆ ಬಿದ್ದ ಕ್ಷಣ ಕೈ ತಾನಾಗಿ ತಲೆಗೆ ಹೋಗುತ್ತಿತ್ತು. ಈಗ ಸೆರಗಿಲ್ಲ, ಪಡಸಾಲೆಯಿಲ್ಲ, ಸುತ್ತ ಬರೀ ಹಿಮ. ಕೈಗೇನು ಗೊತ್ತು ಪಾಪ? ಅದು ಇಲ್ಲದ ಸೆರಗನ್ನು ಹುಡುಕುತ್ತಿತ್ತು. ಜನ ಅದನ್ನು ಟಾಟಾ ಅಂದುಕೊಂಡಿದ್ದರು.

"ಸುಳ್ಳ" ಎಂದ ಸೌಕಾರ. ಆದರೆ ದನಿಯಲ್ಲಿ ಬಲವಿರಲಿಲ್ಲ.

"ಸುಳ್ಳೋ ಖರೇನೋ ನೋಡೇ ಬಿಡೂಣಲ್ಲ. ಆ ಅಂಗಡಿ ಹಿಂದ ಹೋಗಿ ನಿಂದ್ರು. ನಿನ್ನ ಬಾಯಿ ಮ್ಯಾಲ ನನಗ ನಂಬಿಗಿ ಇಲ್ಲ, ಮಫ್ಲರ್ ತುದಿ ಬಾಯಾಗ ಇಟಗೊ."

ಊರಿಗೇ ದೊಡ್ಡ ಸೌಕಾರ, ಚಹಾದಂಗಡಿಯ ತಾಡಪಾಲಿನ ಹಿಂದೆ, ಬಾಯಲ್ಲಿ ಮಫ್ಲರ್ ಕಚ್ಚಿಕೊಂಡು ನಿಂತ. ಅಕ್ಕ ಉಳಿದ ಗಂಡಸರ ಕಡೆ ಒಮ್ಮೆ ನೋಡಿದಳು. ಅವರೂ ಲೋಟದಲ್ಲಿ ಮುಖವಿಟ್ಟುಕೊಂಡರು.

ನೀಲವ್ವ ದಿಬ್ಬದ ಮೇಲೆ ನಿಂತಳು. ಇದೇ ಕೊನೆಯದೆಂದು ಅವಳು ಅಂದುಕೊಂಡಿದ್ದಳು. ಮೊಣಕಾಲು ಬಾಗಿಸಿದಳು. ಜಾರಿದಳು. ನಾಲ್ಕು ಮಾರಿನ ಹತ್ತಿರ ತೂಗಾಡಿದಳು. ತಾಡಪಾಲಿನ ಹಿಂದಿನಿಂದ ಇಣುಕುತ್ತಿದ್ದ ಸೌಕಾರನ ಗಂಟಲಿನವರೆಗೆ ನಗು ಬಂದಿತು. ಮಫ್ಲರ್ ತಡೆಯಿತು. ಅವಳ ಕೈ ಅಲ್ಲೇ ಇತ್ತು. ಅವಳು ಎಡಕ್ಕೆ ವಾಲಿದಳು, ತಾನೇ ಸರಿಮಾಡಿಕೊಂಡಳು, ಬಲಕ್ಕೆ ವಾಲಿದಳು, ಸರಿಮಾಡಿಕೊಂಡಳು, ಆಮೇಲೆ ನೆಟ್ಟಗೆ ಬಂದಳು. ಬಾವುಟ ದಾಟಿದಳು. ನಿಲ್ಲಿಸುವುದು ಗೊತ್ತಿಲ್ಲ, ದಾಟಿ ಹೋಗುತ್ತಲೇ ಇದ್ದಳು! ಕೊನೆಗೆ ಹಿಮದ ಗುಡ್ಡೆಯೊಂದರಲ್ಲಿ ಸೊಂಟದವರೆಗೆ ಹೂತುಕೊಂಡು, ಅಲ್ಲೇ ಹಿಂದಕ್ಕೆ ಬಿದ್ದು, ಆಕಾಶ ನೋಡುತ್ತ ನಗತೊಡಗಿದಳು.

ಸೌಕಾರನಿಗೆ ಶಹಬ್ಬಾಸ್ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ತನ್ನ ದನಿ ಅವಳಿಗೆ ಹೇಗೆ ಕೇಳಿಸುತ್ತದೋ ಎಂದು ಹೆದರಿದ. ಹೆಂಡತಿಯ ನಗು ಇಷ್ಟು ದೊಡ್ಡದೆಂದು ಅವನಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಅವನು ಹೊರಗೆ ನಗುವಾಗ ಅವಳು ಒಳಗೆ ತಲೆ ಮುಚ್ಚಿಕೊಳ್ಳುತ್ತಿದ್ದಳಲ್ಲ!

ಮೆಲ್ಲಗೆ ಹತ್ತಿರ ಹೋದ. ಅವನನ್ನು ಕಂಡದ್ದೇ ಅವಳ ನಗು ನಿಂತಿತು, ಕೈ ತಲೆಗೆ ಹೋಯಿತು. ಈ ಸಲ ಅದನ್ನು ಅವನು ಕಣ್ಣಾರೆ ನೋಡಿದ.

"ಹೆಂಗಾತು?" ಎಂದು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು, ಎಲ್ಲಾದರೂ ಹಾಸ್ಯ ಅಡಗಿದೆಯೇ ಎಂದು. "ನಗೂದಿದ್ರ ನಕ್ಕಬಿಡ್ರಿ."

"ಇಲ್ಲ. ಕೇಳಾಕತ್ತೇನಿ. ಹೆಂಗಾತು ನಿನಗ?"

"ನಡುವ ಒಂದು ಕಡೆ..." ಎಂದಳು, ಸ್ವಲ್ಪ ಹುಡುಕಿದಳು. "ನನ್ನ ತೂಕಾನ ನನಗ ಇಲ್ಲದಂಗ ಆತ್ರಿ. ನಿಲ್ಲಸೂದು ಮಾತ್ರ ಬರಲಿಲ್ಲ."

"ಇನ್ನೂ ಬೆಳಕೈತಿ. ಮತ್ತ ಹೋಗತಿ ಏನ?"

ಅವಳು ಕೋಲು ಎತ್ತಿಕೊಂಡಳು. ಅವನು ಯಾರೂ ಹೇಳದೆಯೇ ತಾಡಪಾಲಿನ ಹಿಂದೆ ಹೋಗಿ ನಿಂತ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ.

ತಾಯಂದಿರೇ, ಅಣ್ಣಂದಿರೇ, ನಾವೆಲ್ಲ ಹಿಮದ ಊರಿಗೆ ಹೋಗುವುದಿಲ್ಲ. ಆದರೆ ನಮ್ಮ ಮನೆಯಲ್ಲೇ ಹೊಸಬರ ದಿಬ್ಬವಿದೆ. ಅತ್ತೆ ಮೊಬೈಲಿನಲ್ಲಿ ಮಗಳ ಮುಖ ನೋಡಲು ಹೋಗಿ ತಮ್ಮ ಕಿವಿಯನ್ನೇ ತೋರಿಸುತ್ತ ಕೂತಿರುತ್ತಾರೆ. ಹೆಂಡತಿ ಹಾಸಿಗೆ ಹಿಡಿದಳೆಂದು ಯಜಮಾನರು ಮೊದಲ ಸಲ ಒಲೆ ಹಚ್ಚಿ, ಉಪ್ಪಿಟ್ಟಿಗೆ ನೀರು ಹೆಚ್ಚಾಗಿ ಅಂಬಲಿ ಮಾಡಿಟ್ಟಿರುತ್ತಾರೆ. ಪಕ್ಕದ ಮನೆಯಾಕೆ ಎರಡೂ ಕಾಲು ನೆಲಕ್ಕೆ ಎಳೆಯುತ್ತ ಸ್ಕೂಟಿ ಕಲಿಯುತ್ತಿರುತ್ತಾರೆ. ನಾವೇನು ಮಾಡುತ್ತೇವೆ? ಫೋನ್ ತೆಗೆದು ವಿಡಿಯೊ ಮಾಡಿ ಮನೆಯವರ ಗುಂಪಿಗೆ ಹಾಕುತ್ತೇವೆ. ತಮಾಷೆಗೆ ಅನ್ನುತ್ತೇವೆ. ಅವರೂ ನಕ್ಕರಲ್ಲ ಅನ್ನುತ್ತೇವೆ. ಆಮೇಲೆ ಒಂದು ದಿನ ಸ್ಕೂಟಿಯ ಮೇಲೆ ಧೂಳು ಕೂತಿರುತ್ತದೆ. ಪಾಪ, ಅವರಿಗೆ ಬರಲಿಲ್ಲ ಅನ್ನುತ್ತೇವೆ. ಬರಲಿಲ್ಲವೇ? ಅಥವಾ ನಾವು ಬರಗೊಡಲಿಲ್ಲವೇ?

ನಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ನಗು ಬೇಕು. ಆದರೆ ಬಿದ್ದವರು ಮೊದಲು ನಗಲಿ, ಆಮೇಲೆ ನೀವು ಸೇರಿಕೊಳ್ಳಿ. ಅವರು ನಗುವ ಮೊದಲೇ ನಿಮಗೆ ನಗು ಬಂತೇ? ಆ ನಗುವಿನ ಜಾಗದಲ್ಲಿ ಒಂದು ಪ್ರಶ್ನೆ ಇಡಿ. "ಎಲ್ಲಿ ತಪ್ಪುತ್ತಿದೆ? ಹೇಗನಿಸುತ್ತಿದೆ?" ಎಂದು ಕೇಳಿ. ಕೇಳಿ ಸುಮ್ಮನಿರಿ. ತೊಟ್ಟಿಲ ಮಗುವಿಗೆ ಕೊಟ್ಟಷ್ಟು ಸಮಯವನ್ನು ತೊಟ್ಟಿಲು ತೂಗಿದವಳಿಗೂ ಕೊಡಿ.

ಕೊನೆಗೊಂದು ಮಾತು, ಇದು ಈ ಸಭೆಗೇ. ಹೋದ ವಾರ ಇಲ್ಲಿ ಭಜನೆಯಲ್ಲಿ ಒಬ್ಬ ತಾಯಿ ಮೊದಲ ಸಲ ಎದ್ದು ನಿಂತು ಹಾಡಿದರು. ಎರಡನೆಯ ನುಡಿಯಲ್ಲಿ ತಾಳ ತಪ್ಪಿತು. ಹಿಂದಿನ ಸಾಲಿನಿಂದ ನಗು ಕೇಳಿಸಿತು. ತಾಳ ಹಾಕುತ್ತಿದ್ದವರೂ ಕೈ ನಿಲ್ಲಿಸಿ ನಕ್ಕರು. ಆ ತಾಯಿ ಅರ್ಧಕ್ಕೇ ಕೂತರು. ಇವತ್ತು ಬಂದಿಲ್ಲ.

ನಕ್ಕವರು ಯಾರೆಂದು ನಾನು ಕೇಳುವುದಿಲ್ಲ. ನೀವು ಗುಂಪು ಕಟ್ಟಿಕೊಂಡು ಹೋಗಿ ಅವರ ಬಾಗಿಲಲ್ಲಿ ಕ್ಷಮೆ ಕೇಳುವುದೂ ಬೇಡ, ಅದರಿಂದ ಅವರಿಗೆ ಇನ್ನಷ್ಟು ಮುಜುಗರ. ಯಾರಾದರೂ ಒಬ್ಬರು ಹೋಗಿ. "ಆ ಹಾಡು ಎಲ್ಲಿ ಕಲಿತಿರಿ? ಮೂರನೆಯ ನುಡಿ ಹೇಗಿದೆ?" ಎಂದು ಕೇಳಿ. ಅವರು ಮತ್ತೆ ಇಲ್ಲಿ ಬಂದು ನಿಂತ ದಿನ ಮತ್ತೆ ತಪ್ಪುತ್ತದೆ, ತಪ್ಪಲಿ. ತಾಳ ಹಿಡಿದವರು ಮಾತ್ರ ಕೈ ನಿಲ್ಲಿಸಬೇಡಿ. ಆ ತಾಯಿ ಮತ್ತೆ ತಾಳಕ್ಕೆ ಬಂದು ಸೇರಿಕೊಳ್ಳುವವರೆಗೂ ಹಾಕುತ್ತಲೇ ಇರಿ.